ಎರಡು ಟ್ರಿಗರ್, ಒಂದೂಕಾಲು ಇಂಚು ಮರ

ಮಂಗಗಳು ಹೆಂಗಸರಿಗೆ ಹೆದರುವುದಿಲ್ಲ. ಇದು ನಾನು ಪುಸ್ತಕದಲ್ಲಿ ಓದಿದ್ದಲ್ಲ, ಮದುವೆಯಾಗಿ ಸಂಸೆಗೆ ಬಂದ ಮೊದಲ ವರ್ಷವೇ ನಮ್ಮ ಮೂರೆಕರೆ ಕಾಫಿ ತೋಟದಲ್ಲಿ ಕಲಿತದ್ದು. ಗಂಡಸರು ಬರಿಗೈಯಲ್ಲಿ ಅಂಗಳಕ್ಕೆ ಇಳಿದರೂ ಸಾಕು, ಗುಂಪಿಗೆ ಗುಂಪೇ ಕಿತ್ತಳೆ ಮರ ಬಿಟ್ಟು ಓಡುತ್ತಿತ್ತು. ನಾನು ದೊಣ್ಣೆ ಹಿಡಿದು ಗಂಟಲು ಹರಿಯುವ ಹಾಗೆ ಕೂಗಿದರೆ ಅವು ಕೊಂಬೆಯ ಮೇಲೆ ಕೂತು, ಸಿಪ್ಪೆ ಸುಲಿಯುತ್ತಲೇ ನನ್ನನ್ನು ನೋಡುತ್ತಿದ್ದವು. ಒಂದು ಸಲ ಗುಂಪಿನ ದೊಡ್ಡ ಗಡವ ಅರ್ಧ ತಿಂದ ಹಣ್ಣನ್ನು ನನ್ನ ಕಾಲ ಬುಡಕ್ಕೇ ಎಸೆಯಿತು. ಕೋಪ ನನಗೆ ಮೊದಲೇ ಮೂಗಿನ ತುದಿಯಲ್ಲಿ. ಮಾರನೇ ದಿನ ಗಂಡನ ಪ್ಯಾಂಟು ಶರಟು ಹಾಕಿ, ತಲೆಗೆ ಟವೆಲ್ ಸುತ್ತಿಕೊಂಡು ಹೋದೆ. ಎರಡು ದಿನ ಮೋಸ ಹೋದವು. ಮೂರನೇ ದಿನ ಅವಕ್ಕೆ ಗೊತ್ತಾಗಿಹೋಯಿತು.

ನಮ್ಮವರು ಕಳಸದಿಂದ ಸಂಸೆಗೆ ಜೀಪು ಓಡಿಸುತ್ತಿದ್ದರು. ಬೆಳಗ್ಗೆ ಹೋದರೆ ಕತ್ತಲಾದ ಮೇಲೇ ಬರುವುದು. ಮಂಗಗಳದ್ದೋ ಹಗಲು ಪಾಳಿ. ಹಗಲಿನಲ್ಲಿ ಮನೆಯಲ್ಲಿ ಇರುತ್ತಿದ್ದದ್ದು ನಾನು, ಆಗಷ್ಟೇ ಓಡಾಡಲು ಕಲಿತಿದ್ದ ನನ್ನ ಮಗಳು, ಮತ್ತೆ ಮಾವ. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮಾವನ ಹತ್ತಿರ ಬೆಳೆ ಕಾಯಲು ಲೈಸೆನ್ಸ್ ಪಡೆದ ಒಂದು ಜೋಡುನಳಿಗೆಯ ಕೋವಿ ಇತ್ತು. ಅಕ್ಕಪಕ್ಕ ಎರಡು ನಳಿಗೆ, ಕೆಳಗೆ ಒಂದರ ಹಿಂದೆ ಒಂದರಂತೆ ಎರಡು ಟ್ರಿಗರ್. ಮುಂದಿನದನ್ನು ಎಳೆದರೆ ಬಲ ನಳಿಗೆಯ ಗುಂಡು ಹಾರುತ್ತದೆ, ಹಿಂದಿನದನ್ನು ಎಳೆದರೆ ಎಡ ನಳಿಗೆಯದು.

ಮಾವ ಮಂಗಕ್ಕೆ ಗುರಿ ಇಟ್ಟವರೇ ಅಲ್ಲ. ಅವು ಹನುಮಂತನ ಕಡೆಯವು, ಹೆದರಿಸಬಹುದು, ಮುಟ್ಟಬಾರದು ಎನ್ನುತ್ತಿದ್ದರು. ಹೊಡೆಯುತ್ತಿದ್ದದ್ದು ಆಕಾಶಕ್ಕೆ. ಆದರೆ ಎರಡು ಈಡು ಹೊಡೆಯಲೇಬೇಕಿತ್ತು. ಒಂದು ಈಡಿಗೆ ಮಂಗಗಳು ಬಾಳೆ ಬಿಟ್ಟು ಪಕ್ಕದ ಹಲಸಿನ ಮರಕ್ಕೆ ಹೋಗಿ ಕೂರುತ್ತಿದ್ದವು, ಅಷ್ಟೆ. ಬೆನ್ನಿಗೇ ಇನ್ನೊಂದು ಬಿದ್ದರೆ ಮಾತ್ರ ಗುಡ್ಡ ಹತ್ತುವುದು. ಹಾಗೆ ಹತ್ತಿದರೆ ವಾರದ ಮಟ್ಟಿಗೆ ನೆಮ್ಮದಿ.

ತೊಂಬತ್ತರ ದಶಕದ ಶುರುವಿನ ಒಂದು ಮಳೆಗಾಲ. ಮಾವನ ಕಣ್ಣಿಗೆ ಪೊರೆ ಬಂದು, ಆಪರೇಷನ್ ಆಗಿಯೂ ಸರಿಹೋಗದೆ, ಎದುರು ನಿಂತವರು ಯಾರೆಂದು ದನಿಯಿಂದ ಗುರುತಿಸುವ ಹಾಗಾಗಿತ್ತು. ಅದೇ ಹೊತ್ತಿಗೆ ಲೈಸೆನ್ಸ್ ನವೀಕರಣವೂ ಬಂತು. ಕಣ್ಣು ಕಾಣದವರಿಗೆ ಕೊಡಲು ಬರುವುದಿಲ್ಲ, ಮನೆಯ ಬೇರೆ ಯಾರ ಹೆಸರಿಗಾದರೂ ಮಾಡಿಸಿ, ಇಲ್ಲದಿದ್ದರೆ ಕೋವಿ ತಂದು ಒಪ್ಪಿಸಿ ಎಂದು ಆಫೀಸಿನವರು ಹೇಳಿ ಕಳಿಸಿದರು. ನಮ್ಮವರು ದೀಪಾವಳಿ ಪಟಾಕಿಗೂ ಕಿವಿ ಮುಚ್ಚಿಕೊಳ್ಳುವ ಜನ. ನನಗೆ ಬೇಡವೇ ಬೇಡ ಎಂದರು.

"ನನ್ನ ಹೆಸರಿಗೆ ಮಾಡ್ಸಿ" ಎಂದೆ ನಾನು.

ಊಟ ಮಾಡುತ್ತಿದ್ದ ಮಾವ ತುತ್ತು ಕೈಯಲ್ಲೇ ಹಿಡಿದು ನನ್ನ ದನಿಯ ಕಡೆಗೆ ತಿರುಗಿದರು. "ಕೋವಿ ಅಂದ್ರೆ ಸೌಟಲ್ಲ ಮಾರಾಯ್ತಿ."

"ಸೌಟು ಹಿಡಿಯೋದು ಸುಲಭ ಅಂತ ನಿಮಗ್ಯಾರು ಹೇಳಿದ್ದು ಮಾವ?"

ನಮ್ಮವರು ಕೆಮ್ಮುವ ನೆಪದಲ್ಲಿ ನಕ್ಕರು. ಮಾವ ನಗಲಿಲ್ಲ. ಆ ಮನೆಯಲ್ಲಿ ನನ್ನ ಹೆಸರು ಅಂತ ಇದ್ದದ್ದು ರೇಷನ್ ಕಾರ್ಡಿನ ಮೂರನೇ ಸಾಲಿನಲ್ಲಿ ಮಾತ್ರ. ನನಗೆ ಕೋವಿ ಬೇಕಿದ್ದದ್ದು ಬರೀ ಮಂಗಗಳಿಗಾಗಿ ಅಲ್ಲ ಎಂದು ಈಗ ಒಪ್ಪಿಕೊಳ್ಳುತ್ತೇನೆ. ಆಗ ಯಾರಾದರೂ ಹಾಗೆ ಹೇಳಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದೆ.

ಊಟ ಆದ ಮೇಲೆ ಮಾವ ಕೋವಿ ಇಳಿಸಿದರು. ಎರಡೂ ನಳಿಗೆ ಖಾಲಿ ಇದೆಯೇ ಎಂದು ಬೆರಳು ಹಾಕಿ ನೋಡಿ, ನನ್ನ ಕೈಗೆ ಕೊಟ್ಟರು. ಅವರು ಆರಡಿಯ ಆಳು, ನಾನು ಅವರ ಎದೆಮಟ್ಟ. ಹೆಗಲಿಗೆ ಕೊಡಲು ಹೋದರೆ ಕೋವಿಯ ಮರದ ಬಟ್ ಕಂಕುಳಲ್ಲಿ ಸೆರಗಿಗೆ ಸಿಕ್ಕಿಕೊಂಡಿತು. ಬಿಡಿಸಿಕೊಂಡು ಹೇಗೋ ಹೆಗಲಿಗೆ ತಂದೆ. ಕೈ ಪೂರ್ತಿ ಚಾಚಿದೆ.

"ಎಟುಕ್ತಾ?"

"ಹಿಂದಿಂದು ಎಟುಕ್ತು."

"ಮುಂದಿಂದು?"

ಬೆರಳ ತುದಿ ಅದರ ಹತ್ತಿರ ಹೋಗಿ ಗಾಳಿಯನ್ನು ಕೆರೆಯಿತು. ಕೋವಿಯನ್ನು ಇಳಿಸಿ ನೆಲಕ್ಕೆ ಊರಿದೆ. ಮಾವನಿಗೆ ಅರ್ಥವಾಯಿತು. "ಅರ್ಧ ಕೋವಿ ಆಯ್ತಲ್ಲ. ಅರ್ಧ ಕೋವಿಗೆ ಯಾರೂ ಲೈಸೆನ್ಸ್ ಕೊಡಲ್ಲ" ಎಂದು ವಾಪಸು ತೆಗೆದುಕೊಂಡರು. ಚುಚ್ಚಲು ಹೇಳಿದ್ದಲ್ಲ, ಇದ್ದದ್ದನ್ನೇ ಹೇಳಿದ್ದು. ಅದಕ್ಕೇ ಇನ್ನಷ್ಟು ಚುಚ್ಚಿತು.

ಈ ಸುದ್ದಿ ಪಕ್ಕದ ದೊಡ್ಡ ಎಸ್ಟೇಟಿನ ಸಾಹುಕಾರರಿಗೂ ಮುಟ್ಟಿತು. ಅವರು ಮಲ್ಲಂದೂರಿನ ಕಡೆ ಯಾರೋ ಹಳೇ ಪ್ಲಾಂಟರ್ ಒಬ್ಬರಿಂದ ಆಗತಾನೇ ಒಂದು ಕೋವಿ ಕೊಂಡಿದ್ದರು. ಅದೂ ಜೋಡುನಳಿಗೆಯದೇ, ಆದರೆ ಟ್ರಿಗರ್ ಒಂದೇ. ಒಮ್ಮೆ ಎಳೆದರೆ ಬಲಗಡೆಯದು, ಮತ್ತೆ ಎಳೆದರೆ ಎಡಗಡೆಯದು. ಹೊಸ ಆಟಿಕೆ ಸಿಕ್ಕ ಮಗುವಿನ ಹಾಗೆ ಊರಿಗೆಲ್ಲ ತೋರಿಸುತ್ತಿದ್ದರು. ಮಳೆ ಎರಡು ದಿನ ಬಿಡುವು ಕೊಟ್ಟಾಗ ನಮ್ಮ ಮನೆಗೂ ಬಂದರು. "ಇದನ್ನ ಹಿಡಿದು ನೋಡಮ್ಮ. ಬೆರಳು ಆ ಕಡೆ ಈ ಕಡೆ ಹೋಗೋ ರಗಳೆಯೇ ಇಲ್ಲ" ಎಂದರು.

ಹಿಡಿದೆ. ಟ್ರಿಗರ್ ನನ್ನ ಬೆರಳಿಗೇ ಬಂದು ಕೂತಿತು. ಎಷ್ಟು ಖುಷಿಯಾಯಿತೆಂದರೆ, ಆ ಕೋವಿಯನ್ನು ವಾಪಸು ಕೊಡಲು ನನಗೆ ಮನಸ್ಸೇ ಬರಲಿಲ್ಲ. ಜಗಲಿಯಲ್ಲಿ ಕೂತಿದ್ದ ಮಾವನಿಗೆ ಹೇಳಿದೆ: "ಮಾವ, ನಮ್ಮದನ್ನ ಕೊಟ್ಟು ಇಂಥದ್ದು ತಗಳಣ."

"ಒಂಟಿ ಟ್ರಿಗರನ್ನ ನಂಬಿ ಕೂರಕ್ಕಾಗಲ್ಲ" ಎಂದರು ಮಾವ.

"ನೀವು ಅದನ್ನ ಮುಟ್ಟೂ ನೋಡಿಲ್ಲ."

"ಮುಟ್ಟದು ಬೇಡ."

ನನಗೆ ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ಮನೆ ಹಿಂದಿನ ಬಾಳೆಯಲ್ಲಿ ದಡಬಡ ಸದ್ದಾಯಿತು. ಮಂಗಗಳು ಮಳೆ ಬಿಟ್ಟದ್ದನ್ನು ನಮಗಿಂತ ಮೊದಲೇ ನೋಡಿಕೊಂಡು ಬಂದಿದ್ದವು. ಸಾಹುಕಾರರು ಎದ್ದುನಿಂತರು. "ಸರಿಯಾದ ಹೊತ್ತಿಗೆ ಬಂದವು. ನಾನು ತೋಟೆ ತಂದಿಲ್ಲ, ನಿಮ್ಮದೇ ಎರಡು ಕೊಡಿ. ಅಮ್ಮನೇ ಹೊಡೀಲಿ, ನಾನು ಪಕ್ಕದಲ್ಲೇ ನಿಲ್ತೀನಿ."

ಕೋವಿಗೆ ತುಂಬುವ ತೋಟೆ ತರಲು ಒಳಗೆ ಹೋದೆ. ಇಲ್ಲಿ ನನ್ನದೊಂದು ಕೆಲಸ ಹೇಳಬೇಕು. ತೋಟೆಗಳು ಮೊದಲಿನಿಂದಲೂ ಒಲೆಯ ಮೇಲಿನ ಅಟ್ಟದಲ್ಲಿ ತಗಡಿನ ಡಬ್ಬಿಯೊಳಗೆ ಇರುತ್ತಿದ್ದವು, ಹೊಗೆಗೆ ಬೆಚ್ಚಗೆ. ಮಗಳಿಗೆ ಆ ಡಬ್ಬಿಯ ಗಲಗಲ ಸದ್ದು ಅಂದರೆ ಪ್ರಾಣ. ಕೊಡು ಕೊಡು ಎಂದು ಒಲೆಯ ಹತ್ತಿರವೇ ಸುಳಿಯುತ್ತಿದ್ದಳು. ಹೆದರಿಕೆಯಾಗಿ, ಮಳೆ ಶುರುವಾಗುವ ಮುಂಚೆ ನಾನು ತೋಟೆಗಳನ್ನು ಬಟ್ಟೆಯ ಚೀಲಕ್ಕೆ ಹಾಕಿ, ಬೀಗ ಹಾಕುವ ಉಗ್ರಾಣದಲ್ಲಿದ್ದ ಪಾರ್ಚ್‌ಮೆಂಟ್ ಮೂಟೆಯೊಳಗೆ ಮೊಣಕೈ ತನಕ ಇಳಿಸಿ ಹುಗಿದಿದ್ದೆ. ಸಿಪ್ಪೆ ಕಳಚಿ, ತೊಳೆದು, ಬಿಸಿಲಲ್ಲಿ ಗರಿಗರಿ ಒಣಗಿಸಿದ ಕಾಫಿ ಬೀಜ ಅದು. ಅದಕ್ಕಿಂತ ಒಣಗಿದ ಜಾಗ ಮನೆಯಲ್ಲಿ ಇನ್ನೆಲ್ಲಿದೆ ಎಂದುಕೊಂಡಿದ್ದೆ. ಮಾವನಿಗೆ ಹೇಳಿರಲಿಲ್ಲ.

ಸಾಹುಕಾರರು ಎರಡು ತೋಟೆ ತುಂಬಿ ಕೋವಿ ಕೊಟ್ಟರು. ಅಂಗಳದ ಅಂಚಿಗೆ ಹೋಗಿ ಆಕಾಶಕ್ಕೆ ಹಿಡಿದೆ. ಗಡವ ಬಾಳೆಗೊನೆಯ ಮೇಲಿಂದಲೇ ನನ್ನನ್ನು ನೋಡಿತು. ಇವತ್ತು ನಿನಗೆ ಇದೆ ಎಂದುಕೊಂಡು ಎಳೆದೆ.

ಟಿಕ್ ಎಂದಿತು, ಅಷ್ಟೆ.

ಸಾಹುಕಾರರು, ತಡವಾಗಿ ಹಾರಿದರೂ ಹಾರೀತು, ನಳಿಗೆ ಮೇಲಕ್ಕೇ ಇರಲಿ ಎಂದು ಸ್ವಲ್ಪ ಕಾಯಿಸಿ, "ಇನ್ನೊಂದು ಸಲ ಎಳಿ" ಎಂದರು. ಎಳೆದೆ. ಈ ಸಲ ಟಿಕ್ ಎನ್ನುವುದೂ ಇಲ್ಲ. ಟ್ರಿಗರ್ ಸತ್ತ ಹಾಗೆ ಸುಮ್ಮನಿತ್ತು. ಅವರೇ ತೆಗೆದುಕೊಂಡು ಎಳೆದರು. ಆಗಲೂ ಸುಮ್ಮನೆ. ಗಡವ ಬಾಳೆಹಣ್ಣು ಸುಲಿಯಲು ಶುರುಮಾಡಿತು.

ಜಗಲಿಯಿಂದ ಮಾವ ಕೇಳಿದರು: "ಎಷ್ಟು ಸಲ ಟಿಕ್ ಅಂತು?"

"ಒಂದೇ ಸಲ ಮಾವ."

"ಎರಡನೇದು ಅನ್ನಲ್ಲ ಅದು. ಮೊದಲ ಈಡು ಹಾರಿ ಕೋವಿ ಹೆಗಲಿಗೆ ಒದೀಬೇಕು. ಆ ಒದೆತಕ್ಕೇ ಒಳಗಿನ ಯಂತ್ರ ಎಡಗಡೆಗೆ ತಿರುಗೋದು. ತೋಟೆ ಟುಸ್ ಅಂದ್ರೆ ಒದೆತ ಎಲ್ಲಿಂದ ಬರಬೇಕು? ಇನ್ನೊಂದು ನಳಿಗೇಲಿ ಒಳ್ಳೇ ತೋಟೆ ಇದ್ರೂ ಅಲ್ಲೇ ಕೂತಿರ್ತದೆ. ನಮ್ಮ ಕಡೆ ಮಳೆಗೆ ತೋಟೆ ಟುಸ್ ಅನ್ನದೇನು ಹೊಸತಾ ಸಾಹುಕಾರ್ರೆ?"

ಸಾಹುಕಾರರು ತಲೆ ಕೆರೆದುಕೊಂಡರು. ಮಾರಿದವರು ಈ ವಿಷಯ ಅವರಿಗೆ ಹೇಳಿರಲಿಲ್ಲ. ಮಾವ ತಮ್ಮ ಕೋವಿ ತರಲು ಹೇಳಿ, ಅದೇ ಚೀಲದಿಂದ ಎರಡು ತೋಟೆ ಬೆರಳಲ್ಲೇ ತಡವಿ ತುಂಬಿ, ನನ್ನ ಹೆಗಲು ಹಿಡಿದು ಅಂಗಳದ ಅಂಚಿಗೆ ಬಂದರು. ಆಕಾಶಕ್ಕೆ ಎತ್ತಿ ಮುಂದಿನ ಟ್ರಿಗರ್ ಎಳೆದರು. ಟಿಕ್. ಕೋವಿ ಇಳಿಸಲಿಲ್ಲ. ಬಾಯಲ್ಲೇ ಹತ್ತರವರೆಗೆ ಎಣಿಸಿ, ಬೆರಳನ್ನು ಹಿಂದಿನದಕ್ಕೆ ಜಾರಿಸಿದರು. ಗುಡ್ಡವೆಲ್ಲ ಕೂಗಿತು. ಮಂಗಗಳು ಹಲಸಿನ ಮರಕ್ಕೆ ಹಾರಿ, ಅಲ್ಲಿ ಕೂತು, ಎರಡನೆಯದಕ್ಕೆ ಕಾದವು. ಅದು ಬರಲಿಲ್ಲ, ಅವು ವಾಪಸು ಬಂದವು. ಆದರೆ ನಾನು ನೋಡಬೇಕಾದದ್ದನ್ನು ನೋಡಿಯಾಗಿತ್ತು.

"ಆ ಎರಡನೇದೂ ಟುಸ್ ಆಗಿದ್ರೆ ನಂದೂ ಮರ್ಯಾದೆ ಹೋಗಿರೋದು" ಎಂದರು ಮಾವ, ಮೆಲ್ಲಗೆ. ಆಮೇಲೆ ಹಾರದ ತೋಟೆಯನ್ನು ಮೂಗಿನ ಹತ್ತಿರ ಹಿಡಿದರು. "ಇದನ್ನ ಎಲ್ಲಿಟ್ಟಿದ್ದೆ?"

ಹೇಳಲೇಬೇಕಾಯಿತು. ಸಾಹುಕಾರರು ಹೊಟ್ಟೆ ಹಿಡಿದು ನಗತೊಡಗಿದರು. ಬೇಸಗೆಯಲ್ಲಿ ಗರಿಗರಿ ಇರುವ ಪಾರ್ಚ್‌ಮೆಂಟು ಮಳೆಗಾಲ ಬಂತೆಂದರೆ ಗಾಳಿಯ ನೀರನ್ನೆಲ್ಲ ಕುಡಿದು ಕೂರುತ್ತದೆ. ಜೂನ್ ಕಳೆದ ಮೇಲೆ ಮೂಟೆ ಎತ್ತಿದವರಿಗೆಲ್ಲ ಇದು ಗೊತ್ತು. ಕಾಫಿ ಬೆಳೆಯುವವರ ಮನೆಯ ಸೊಸೆ, ನನಗೂ ಗೊತ್ತಿತ್ತು. ಮೂಟೆಯ ವಿಷಯದಲ್ಲಿ ಗೊತ್ತಿದ್ದದ್ದು ತೋಟೆಯ ವಿಷಯಕ್ಕೆ ಬರುವಾಗ ತಲೆಗೆ ಹೊಳೆಯಲಿಲ್ಲ. ಮಾವನೂ ನಕ್ಕರು. ಮದುವೆಯಾಗಿ ನಾಲ್ಕು ವರ್ಷದಲ್ಲಿ ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ನನಗೆ ಅಳು ಬಂದುಬಿಟ್ಟಿತು. ಅಡುಗೆಮನೆಗೆ ಹೋಗಿ ಪಾತ್ರೆ ಕುಕ್ಕಿದೆ.

ಸಾಹುಕಾರರು ಹೋದ ಮೇಲೆ ಹೊರಗೆ ಬಂದು ಹೇಳಿದೆ: "ನೀವು ಹೇಳಿದ್ದೇ ಸರಿ. ಎರಡು ಟ್ರಿಗರಿನ ಕೋವಿನೇ ಬೇಕು. ಆದ್ರೆ ಮುಂದಿಂದು ನಂಗೆ ಎಟುಕಲ್ಲ. ಏನ್ ಮಾಡ್ಲಿ, ಬೆರಳು ಬೆಳೆಸ್ಲಾ?"

ಮಾವ ಲೈಸೆನ್ಸಿನ ಅರ್ಜಿಯನ್ನು ನಮ್ಮವರ ಕೈಯಲ್ಲಿ ನನ್ನ ಹೆಸರಿಗೇ ಬರೆಸಿ ಕಳಿಸಿದರು. ಕೆಲವು ದಿನ ಬಿಟ್ಟು, ವಿಚಾರಣೆಗೆ ಸ್ಟೇಷನ್ನಿನಿಂದ ಬರುತ್ತಾರೆ, ಕೋವಿ ಹಿಡಿಯಲು ಬರುತ್ತದೋ ಇಲ್ಲವೋ ನೋಡುತ್ತಾರೆ ಎಂದು ಸುದ್ದಿ ಬಂತು. ನನಗೆ ನಿದ್ದೆ ಹತ್ತದಂತಾಯಿತು. ಬೆರಳನ್ನು ಕಿಟಕಿಯ ಸರಳಿಗೆ ಕೊಟ್ಟು ಎಳೆದು ನೋಡಿಕೊಳ್ಳುತ್ತಿದ್ದೆ. ಹುಚ್ಚು ಅಂತ ಗೊತ್ತಿದ್ದೇ.

ವಿಚಾರಣೆಗೆ ಮೂರು ದಿನ ಇರುವಾಗ ಮಾವ ಕರೆದರು. "ಬಲಗೈ ಮಡಚು" ಎಂದರು. ನನ್ನ ಮೊಣಕೈಯ ಒಳಮಡಿಕೆಯಿಂದ ತೋರುಬೆರಳ ಮೊದಲ ಗೆಣ್ಣಿನವರೆಗೆ ಒಂದು ನೂಲು ಹಿಡಿದು, ಗಂಟು ಹಾಕಿಕೊಂಡರು. ಯಾವುದೋ ದೇವರಿಗೆ ಹರಕೆಯ ದಾರ ಇರಬೇಕೆಂದು ನಾನು ಏನೂ ಕೇಳಲಿಲ್ಲ.

ಮಾರನೇ ದಿನ ಬೆಳಗ್ಗೆ ಬಟ್ಟೆ ಒಗೆದು ಬರುವಾಗ ಗರಗಸದ ಸದ್ದು ಕೇಳಿತು. ಮಾವ ಜಗಲಿಯಲ್ಲಿ ಕೋವಿಯನ್ನು ಎರಡು ಮೊಣಕಾಲ ನಡುವೆ ಇರುಕಿಕೊಂಡಿದ್ದರು. ಬಟ್‌ನ ತುದಿಯ ತಗಡನ್ನು ಬಿಚ್ಚಿ ಪಕ್ಕಕ್ಕೆ ಇಟ್ಟಿದ್ದರು. ಟ್ರಿಗರಿನಿಂದ ನನ್ನ ಕೈಯಳತೆಯ ದೂರಕ್ಕೆ ಮರದ ಸುತ್ತಲೂ ನೂಲು ಬಿಗಿದು, ಎಡಗೈ ಹೆಬ್ಬೆರಳನ್ನು ಆ ನೂಲಿನ ಮೇಲೇ ಇಟ್ಟು, ಒಂದೊಂದೇ ಎಳೆತ ಕೊಯ್ಯುತ್ತಿದ್ದರು. ಅವರ ಅಪ್ಪನ ಕಾಲದ ಕೋವಿ. ಬಕೆಟ್ ಕೆಳಗಿಟ್ಟು ಓಡಿದೆ.

"ಮಾವ, ಎಂತ ಮಾಡ್ತಾ ಇದೀರಿ? ಹಾಳಾಗ್ತದೆ."

"ಗಲಾಟೆ ಮಾಡ್ಬೇಡ. ಗರಗಸ ಜಾರ್ತದೆ."

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಒಂದೂಕಾಲು ಇಂಚಿನ ಮರದ ತುಂಡು ನೆಲಕ್ಕೆ ಬಿದ್ದಾಗ ಮಾವ ಅದನ್ನು ತಡವಿ ಎತ್ತಿ, ಮೈಯ ಪುಡಿ ಒರೆಸಿ, ಅಂಗಿಯ ಜೇಬಿಗೆ ಹಾಕಿಕೊಂಡರು. ಹಳೇ ತಗಡನ್ನು ಹಳೇ ಸ್ಕ್ರೂಗಳಿಂದಲೇ ವಾಪಸು ಕೂರಿಸಿದರು. "ಈಗ ಎತ್ತು" ಎಂದರು. ಎತ್ತಿದೆ. ಸೆರಗಿಗೆ ಸಿಗಲಿಲ್ಲ. ಬೆರಳು ಮುಂದಿನ ಟ್ರಿಗರಿನ ಮೇಲೆ ಹೋಗಿ ಕೂತಿತು. ಎಳೆದೆ, ಟಿಕ್. ಹಿಂದಕ್ಕೆ ಜಾರಿಸಿದೆ, ಟಿಕ್. ಮಾವ ಎರಡು ಸಲ ತಲೆ ಆಡಿಸಿದರು.

ಹೇಳಿದ ದಿನ ಸ್ಟೇಷನ್ನಿನಿಂದ ಹೆಡ್ ಕಾನ್‌ಸ್ಟೆಬಲ್ ಬಂದರು. ಕಾಫಿ ಕುಡಿದು, ಕಾಗದ ತಿರುವಿ ಹಾಕಿ, "ಹೆಂಗಸ್ರಿಗೆ ಎಂತಕ್ಕಮ್ಮ ಕೋವಿ?" ಎಂದರು. ಬಾಳೆಯಲ್ಲಿದ್ದ ಮಂಗಗಳ ಕಡೆ ತೋರಿಸಿ, "ಅವಕ್ಕೂ ಇದೇ ಅನುಮಾನ ಸಾರ್" ಎಂದೆ. ಖಾಲಿ ಕೋವಿ ಎತ್ತಿ ತೋರಿಸಲು ಹೇಳಿದರು. ತೆರೆದು, ನಳಿಗೆ ನೋಡಿ, ಮುಚ್ಚಿ, ಹೆಗಲಿಗೆ ಕೊಟ್ಟು ಎರಡೂ ಟ್ರಿಗರ್ ಎಳೆದು ತೋರಿಸಿದೆ. ಅವರಿಗೆ ಇನ್ನೂ ಅನುಮಾನ. ಕೋವಿ ಇಸಿದುಕೊಂಡು ಮಾವನ ಕೈಗೆ ಕೊಟ್ಟರು. "ಯಜಮಾನ್ರೆ, ಹೆಸರು ಇವರದ್ದು ಹಾಕ್ಸಿ, ಹೊಡೆಯೋದು ನೀವೇ ಅಲ್ವಾ? ಎತ್ತಿ ನೋಡಣ."

ಮಾವ ಎದ್ದು ಎತ್ತಿದರು. ಅವರ ಉದ್ದ ಕೈಗೆ ಕೋವಿ ಮೊಟಕಾಗಿತ್ತು. ಮೊಣಕೈ ಮಡಿಚಿ ಮುಖದ ಮುಂದೆ ಬಂತು, ಹೆಬ್ಬೆರಳು ಹೋಗಿ ಮೂಗಿಗೇ ಬಡಿಯಿತು. ಕಾನ್‌ಸ್ಟೆಬಲ್ ನಕ್ಕುಬಿಟ್ಟರು. ಮಾವ ಕೋವಿಯನ್ನು ಇಳಿಸಿ ನನ್ನ ದನಿ ಇದ್ದ ಕಡೆಗೆ ಚಾಚಿದರು.

"ಇದು ನಂಗೆ ಆಗಲ್ಲ ಸ್ವಾಮಿ. ಅವಳ ಅಳತೇದು."

ಚಳಿಗಾಲ ಬರುವಷ್ಟರಲ್ಲಿ ಲೈಸೆನ್ಸ್ ಬಂತು. ಒಳಗೆ ನನ್ನ ಹೆಸರು, ನನ್ನ ಫೋಟೋ. ತೋಟೆಗಳು ಅಟ್ಟದ ಡಬ್ಬಿಗೆ ವಾಪಸು ಹೋದವು, ಡಬ್ಬಿಗೆ ಬೀಗ ಬಂತು. ಮೊದಲ ದಿನ ಸೀರೆಯಲ್ಲೇ ಹೋಗಿ ಒಂದು ಈಡು ಹೊಡೆದೆ. ಮಂಗಗಳು ಹಲಸಿನ ಮರದಲ್ಲಿ ಕೂತು, ಹೆಂಗಸೇ ತಾನೇ ಎಂಬಂತೆ ನೋಡಿದವು. ಬೆರಳು ಹಿಂದಕ್ಕೆ ಜಾರಿಸಿ ಇನ್ನೊಂದು ಹೊಡೆದೆ. ಗಡವ ಎಲ್ಲರಿಗಿಂತ ಮುಂದೆ ಗುಡ್ಡ ಹತ್ತಿತು. ಎಲೆಕ್ಷನ್ ಬಂದಾಗೆಲ್ಲ ಲೈಸೆನ್ಸ್ ಇರುವ ಎಲ್ಲರ ಹಾಗೆ ನಾನೂ ಕೋವಿ ಹೊತ್ತು ಸ್ಟೇಷನ್ನಿಗೆ ಕೊಟ್ಟುಬರುತ್ತಿದ್ದೆ. ಗಂಡಸರ ಸಾಲಿನಲ್ಲಿ ನಾನೊಬ್ಬಳೇ, ಎಲ್ಲರಿಗೂ ಮಾತಾಡಿಸಲು ನಾನೇ ಬೇಕು.

ಮಗಳು ಹತ್ತನೇ ಕ್ಲಾಸಿನಲ್ಲಿದ್ದಾಗ ಮಾವ ತೀರಿಕೊಂಡರು. ಅವರ ಪೆಟ್ಟಿಗೆ ತೆಗೆದಾಗ ಪಂಚೆಗಳ ಅಡಿಯಲ್ಲಿ ಆ ಒಂದೂಕಾಲು ಇಂಚಿನ ತುಂಡು ಸಿಕ್ಕಿತು. ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಜೊತೆಗೆ ಕಾಗದದ ಸಣ್ಣ ಪೊಟ್ಟಣದಲ್ಲಿ ಎರಡು ಉದ್ದ ಸ್ಕ್ರೂ. ನನಗೆ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಕೊಟ್ಟ ಹಾಗೆ ಮಾಡಿ, ಒಂದು ದಿನ ವಾಪಸು ಜೋಡಿಸಿಕೊಳ್ಳುವ ಆಸೆ ಇಟ್ಟುಕೊಂಡೇ ಸತ್ತರಲ್ಲ ಎಂದು. ತೀರಿಕೊಂಡವರ ಮೇಲೆ ಸಿಟ್ಟು ಬಂದರೆ ಎಲ್ಲಿ ಹಾಕುವುದು? ಹಾಗೇ ಸುತ್ತಿ ಪೆಟ್ಟಿಗೆಯಲ್ಲೇ ಇಟ್ಟೆ.

ಮಗಳು ಚಿಕ್ಕಮಗಳೂರಿನ ಕಾಲೇಜಿಗೆ ಹೋದಳು, ಎನ್‌ಸಿಸಿ ಸೇರಿದಳು. ಇಪ್ಪತ್ತು ತುಂಬಿದ ವರ್ಷ ಆಯುಧಪೂಜೆಗೆ ಮನೆಗೆ ಬಂದವಳು ಕೋವಿ ಒರೆಸುತ್ತಾ, "ಅಮ್ಮ, ಇನ್ನೊಂದು ವರ್ಷಕ್ಕೆ ನಂಗೂ ಲೈಸೆನ್ಸಿಗೆ ವಯಸ್ಸಾಗ್ತದೆ" ಎಂದು ಹೆಗಲಿಗೆ ಎತ್ತಿದಳು. ಅಜ್ಜನ ಎತ್ತರ ಅವಳದ್ದು. ಮೊಣಕೈ ಮಡಿಚಿ ಬಂತು, ಹೆಬ್ಬೆರಳು ಮೂಗಿಗೆ ಬಡಿಯಿತು. ಮಾವನೇ ನಿಂತ ಹಾಗೆ ಕಂಡಿತು.

ಒಳಗೆ ಹೋಗಿ ಆ ತುಂಡು, ಪೊಟ್ಟಣ ತಂದು ಅವಳ ಮುಂದೆ ಇಟ್ಟೆ. ಪೊಟ್ಟಣ ಬಿಚ್ಚಿದವಳು ಸ್ಕ್ರೂ ಬಿಟ್ಟು ಕಾಗದವನ್ನೇ ನೋಡತೊಡಗಿದಳು.

"ಅಮ್ಮ, ಇದು ನನ್ನ ಅಕ್ಷರ. ಎಂಟನೇ ಕ್ಲಾಸಿನ ಸಮಾಜ ನೋಟ್ಸು."

ಅವಳು ಎಂಟನೇ ಕ್ಲಾಸಿನಲ್ಲಿದ್ದಾಗ ಮಾವನಿಗೆ ಹಗಲು ಯಾವುದು, ರಾತ್ರಿ ಯಾವುದು ಎನ್ನುವುದೂ ಕಾಣುತ್ತಿರಲಿಲ್ಲ. ಕೋವಿ ಅವರಿಗೆ ಯಾತಕ್ಕೂ ಬೇಕಾಗಿರಲಿಲ್ಲ. ಆದರೆ ಆ ವರ್ಷ ಹುಡುಗಿ ಒಮ್ಮೆಲೇ ಉದ್ದ ಬೆಳೆದಿದ್ದಳು. ಸ್ಕೂಲಿಂದ ಬಂದ ಕೂಡಲೇ ಮಾವ ಅವಳನ್ನು ಕರೆದು, ಹೆಗಲು ತಡವಿ, ಕೈ ಮಡಚಿಸಿ, ಮೊಣಕೈಯಿಂದ ಬೆರಳವರೆಗೆ ಗೇಣು ಹಾಕಿ ನೋಡುತ್ತಿದ್ದರು. ಮುದುಕರ ಮುದ್ದು ಎಂದುಕೊಂಡು ನಾನು ಒಳಗೆ ದೋಸೆ ಹುಯ್ಯುತ್ತಿದ್ದೆ.

ಇಷ್ಟು ವರ್ಷ ಆ ಮನುಷ್ಯನ ಮೇಲೆ ಹಲ್ಲು ಕಡಿದದ್ದು ನೆನೆದು ನನಗೆ ನಾಚಿಕೆಯಾಯಿತು. ಸೆರಗಿನಿಂದ ಮುಖ ಒರೆಸಿಕೊಂಡೆ. ಮಗಳು ತಗಡು ಬಿಚ್ಚಿ, ತುಂಡನ್ನು ಅದರ ಜಾಗಕ್ಕೆ ಇಟ್ಟಳು. ಕೊಯ್ದ ಜಾಗ ಕೂದಲೆಳೆಯಷ್ಟೂ ಬಾಯಿ ಬಿಡಲಿಲ್ಲ. ಉದ್ದ ಸ್ಕ್ರೂಗಳು ತಗಡು, ತುಂಡು ಎರಡನ್ನೂ ದಾಟಿ ಹಳೆಯ ಮರಕ್ಕೆ ಗಟ್ಟಿಯಾಗಿ ಹಿಡಿದವು. ಅವಳು ಎತ್ತಿ, ಮುಂದಿನದು ಎಳೆದಳು, ಹಿಂದಿನದು ಎಳೆದಳು.

"ಬಿಚ್ಚಿಬಿಡ್ಲಾ ಅಮ್ಮ? ಇನ್ನೂ ಒಂದು ವರ್ಷ ಇದೆಯಲ್ಲ."

"ಇರಲಿ ಬಿಡು" ಎಂದೆ. ಕೋವಿ ಇಸಿದುಕೊಂಡು ನಾನೂ ಒಮ್ಮೆ ಎತ್ತಿ ನೋಡಿದೆ. ಬಟ್ ಕಂಕುಳಲ್ಲಿ ಸೆರಗಿಗೆ ಸಿಕ್ಕಿಕೊಂಡಿತು. ಕೈ ಪೂರ್ತಿ ಚಾಚಿದೆ. ಮುಂದಿನ ಟ್ರಿಗರ್ ನನಗೆ ಎಟುಕಲಿಲ್ಲ.